ಕಬ್ಬಿಣದ ತಗಡಿಗೂ ಒಂದು ಕತ್ತರಿ: ಸಿಎನ್‌ಸಿ ಪ್ಲಾಸ್ಮಾ ಯಂತ್ರದ ಸಾಫ್ಟ್‌ವೇರ್ ಕಲಿಕೆ

(ಮಹಿಳಾ ವೇದಿಕೆಯ ತಿಂಗಳ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ತಿಂಗಳು ಇದೇ ಜಾಗದಲ್ಲಿ ಸಿರಿಧಾನ್ಯದ ಅಡುಗೆಯ ಬಗ್ಗೆ ಮಾತು ಕೇಳಿದೆವು. ಈ ತಿಂಗಳು ನಾನು ಕಬ್ಬಿಣ ಕತ್ತರಿಸುವ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯದರ್ಶಿಯವರು ಫೋನಿನಲ್ಲಿ "ಏನು ಕತ್ತರಿಸೋದು?" ಅಂತ ಎರಡು ಸಲ ಕೇಳಿದರು. ಆದರೂ ಒಪ್ಪಿಕೊಂಡರು. ಅವರಿಗೆ ಮೊದಲ ವಂದನೆ.

ಈ ವಿಷಯ ಯಾಕೆ ಅಂತ ಹೇಳಿಬಿಡುತ್ತೇನೆ. ಪುಣೆಯ ಭೋಸರಿ, ಚಿಂಚವಡ, ಚಾಕಣ ಕಡೆ ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ನಡೆಸುವ ಮನೆಗಳು ನಮ್ಮಲ್ಲಿವೆ. ಆ ಮನೆಗಳ ಹೆಣ್ಣುಮಕ್ಕಳು ಬಿಲ್ಲು, ಜಿಎಸ್‌ಟಿ, ಬ್ಯಾಂಕು, ಕೆಲಸಗಾರರ ಸಂಬಳ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಯಂತ್ರದ ಹತ್ತಿರ ಮಾತ್ರ ಹೋಗುವುದಿಲ್ಲ. "ಅದು ಆಪರೇಟರ್ ಕೆಲಸ" ಅನ್ನುತ್ತಾರೆ. ನನ್ನ ಅಣ್ಣನ ವರ್ಕ್‌ಶಾಪಿನಲ್ಲೂ ಹಾಗೇ ಇತ್ತು, ಆಪರೇಟರ್ ಬಿಟ್ಟು ಹೋಗುವ ತನಕ.

ಅಣ್ಣ ಭೋಸರಿಯಲ್ಲಿ ಗೇಟು, ಗ್ರಿಲ್ಲು, ಯಂತ್ರಗಳ ಬ್ರ್ಯಾಕೆಟ್ಟು, ಬೇಸ್ ಪ್ಲೇಟು ಮಾಡಿಕೊಡುತ್ತಾನೆ. ಸಾಲ ಮಾಡಿ ಒಂದು ಸಿಎನ್‌ಸಿ ಪ್ಲಾಸ್ಮಾ ಟೇಬಲ್ ತಂದ. ಅದನ್ನು ನಡೆಸುತ್ತಿದ್ದ ಹುಡುಗ ಒಳ್ಳೆಯವನು. ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕಿತು, ಹೋದ. ಅವನದೇನೂ ತಪ್ಪಿಲ್ಲ. ಆದರೆ ಅವನ ಜೊತೆ ಯಂತ್ರವೂ ಹೋದ ಹಾಗಾಯಿತು. ಟೇಬಲ್ ಅಲ್ಲೇ ಇತ್ತು. ಅದನ್ನು ನಡೆಸುವ ತಿಳಿವಳಿಕೆ ಅವನ ತಲೆಯಲ್ಲಿತ್ತು, ಡ್ರಾಯಿಂಗ್ ಎಲ್ಲ ಅವನ ಪೆನ್‌ಡ್ರೈವ್‌ನಲ್ಲಿದ್ದವು. ಮೂರು ವಾರ ಟೇಬಲ್ ಮೇಲೆ ತಾಡಪತ್ರಿ ಹೊದಿಸಿಟ್ಟರು. ತಾಡಪತ್ರಿ ಹೊದಿಸಿದರೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲವಲ್ಲ.

ಒಂದು ರಾತ್ರಿ ವೈನಿ ಫೋನ್ ಮಾಡಿದರು. "ನೀ ಸಾಫ್ಟ್‌ವೇರ್‌ದಾಕಿ ಹೌದಲ್ಲ? ಇದೂ ಸಾಫ್ಟ್‌ವೇರ್ ಅಂತ. ಒಂದು ರವಿವಾರ ಬಂದು ಹೇಳಿಕೊಡು. ನಿಮ್ಮಣ್ಣಗ ಸೈಟ್ ಬಿಟ್ಟು ಕೂಡ್ಲಿಕ್ಕೆ ಆಗೂದಿಲ್ಲ. ನಾ ಕಲೀತೀನಿ."

ವೈನಿ ಬಿ.ಕಾಂ. ಮದುವೆಗೆ ಮೊದಲು ಊರಲ್ಲಿ ಬ್ಲೌಸ್ ಹೊಲಿಯುತ್ತಿದ್ದವರು. ನಾನು ಎಂ.ಟೆಕ್, ದಿನವೂ ಕೋಡ್ ಬರೆಯುವವಳು. ಒಂದು ಮಧ್ಯಾಹ್ನ ಸಾಕು ಅಂದುಕೊಂಡು ಹೋದೆ. ಎಂಟು ಭಾನುವಾರ ಬೇಕಾಯಿತು. ಆ ಎಂಟು ಭಾನುವಾರಗಳಲ್ಲಿ ನಾವಿಬ್ಬರೂ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಯಂತ್ರದ ಬಗ್ಗೆ ಎರಡು ಮಾತು. ಒತ್ತಡದ ಗಾಳಿಯನ್ನು ಸಣ್ಣ ತೂತಿನ ನಾಜಲ್ ಮೂಲಕ ಬಿಟ್ಟು ಅದರಲ್ಲಿ ವಿದ್ಯುತ್ ಹಾಯಿಸಿದರೆ ಆ ಗಾಳಿಯೇ ವಿದ್ಯುತ್ ಹರಿಯುವ ಉರಿಯಾಗುತ್ತದೆ. ಅದೇ ಪ್ಲಾಸ್ಮಾ. ಅದರ ಬಿಸಿ ಸೂರ್ಯನ ಮೇಲ್ಮೈಯ ಬಿಸಿಗಿಂತ ಎಷ್ಟೋ ಹೆಚ್ಚು. ಅದು ಲೋಹವನ್ನು ಕರಗಿಸುತ್ತದೆ, ಗಾಳಿಯ ವೇಗ ಕರಗಿದ್ದನ್ನು ಕೆಳಗೆ ಊದಿ ಹಾಕುತ್ತದೆ. ವಿದ್ಯುತ್ ಹರಿಯುವ ವಸ್ತುವನ್ನು ಮಾತ್ರ ಇದು ಕತ್ತರಿಸುತ್ತದೆ: ಎಂ.ಎಸ್., ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ. ಮರ, ಪ್ಲಾಸ್ಟಿಕ್ ಇದಕ್ಕಲ್ಲ. ಇದೇನೂ ಹೊಸ ವಿದ್ಯೆಯಲ್ಲ. ಅಮೆರಿಕದ ರಾಬರ್ಟ್ ಗೇಜ್ ಪ್ಲಾಸ್ಮಾ ಟಾರ್ಚಿಗೆ ಪೇಟೆಂಟ್ ಪಡೆದದ್ದು 1957ರಲ್ಲಿ. ಸಂಖ್ಯೆಗಳ ಆಜ್ಞೆಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಎಂಐಟಿಯಲ್ಲಿ ತೋರಿಸಿದ್ದು 1952ರಲ್ಲಿ. ಇವತ್ತಿನ ಪ್ಲಾಸ್ಮಾ ಟೇಬಲ್ ಅಂದರೆ ಇವೆರಡರ ಕೂಡಿಕೆ.

ಈಗ ಸಾಫ್ಟ್‌ವೇರ್. ನನ್ನ ಮೊದಲ ತಪ್ಪು ಇಲ್ಲೇ ಆಯಿತು. ಯಂತ್ರಕ್ಕೆ ಒಂದು ಸಾಫ್ಟ್‌ವೇರ್ ಇರುತ್ತದೆ ಅಂದುಕೊಂಡು ಹುಡುಕಿದೆ. ಒಂದಲ್ಲ, ಮೂರು.

ಮೊದಲನೆಯದು ಕ್ಯಾಡ್. ಅದರಲ್ಲಿ ಚಿತ್ರ ಬರೆಯುತ್ತೇವೆ: ಎಷ್ಟು ಉದ್ದ, ಎಷ್ಟು ಅಗಲ, ತೂತು ಎಲ್ಲಿ. ಎರಡನೆಯದು ಕ್ಯಾಮ್. ಆ ಚಿತ್ರವನ್ನು ಕತ್ತರಿಸಲು ಟಾರ್ಚು ಎಲ್ಲಿಂದ ಹೊರಟು, ಯಾವ ದಿಕ್ಕಿನಲ್ಲಿ, ಎಷ್ಟು ವೇಗದಲ್ಲಿ ಹೋಗಬೇಕು ಅನ್ನುವುದನ್ನು ಇಲ್ಲಿ ಹೇಳುತ್ತೇವೆ. ಇದರಿಂದ ಹೊರಬರುವುದೇ ಜಿ-ಕೋಡ್. ಮೂರನೆಯದು ಕಂಟ್ರೋಲ್. ಅದು ಜಿ-ಕೋಡನ್ನು ಸಾಲು ಸಾಲಾಗಿ ಓದಿ ಮೋಟಾರುಗಳನ್ನು ತಿರುಗಿಸುತ್ತದೆ, ಟಾರ್ಚು ಹೊತ್ತಿಸುತ್ತದೆ.

ನಾನು ಇದನ್ನು ಬಿಳಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಅರ್ಧ ಗಂಟೆ ವಿವರಿಸಿದೆ. ವೈನಿ ಕೇಳಿ ಹೇಳಿದರು: "ಅಂದ್ರ ಒಬ್ಬಾಕಿ ಅಳತಿ ತಗೋತಾಳ, ಒಬ್ಬಾಕಿ ಬಟ್ಟಿ ಮ್ಯಾಲೆ ಗುರ್ತು ಹಾಕ್ತಾಳ, ಒಬ್ಬಾಕಿ ಕತ್ರಿ ಹಿಡೀತಾಳ. ಇಷ್ಟ ಹೌದಲ್ಲ?"

ಇಷ್ಟೇ ಹೌದು. ಈ ಮಾತು ಹಿಡಿದುಕೊಂಡರೆ ಅರ್ಧ ಕಲಿತಂತೆ. ಯಾಕೆಂದರೆ ತುಂಡು ಕೆಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ "ತಪ್ಪು ಯಾರ ಕೈಯಲ್ಲಿ ಆಯಿತು?" ಅಳತೆಯಲ್ಲೇ, ಗುರುತಿನಲ್ಲೇ, ಕತ್ತರಿಯಲ್ಲೇ? ಅದು ಗೊತ್ತಾಗದೆ ಮೂರರಲ್ಲೂ ಕೈಯಾಡಿಸಿದರೆ ದಿನ ಹಾಳು, ತಗಡೂ ಹಾಳು. ನನ್ನ ಆಫೀಸಿನ ಕೆಲಸದಲ್ಲಿ ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಕಬ್ಬಿಣಕ್ಕೆ ಆ ಸೌಲಭ್ಯ ಇಲ್ಲ.

ಕೆಲವು ಹೆಸರು ಬರೆದುಕೊಳ್ಳಿ. ಚಿತ್ರಕ್ಕೆ ಆಟೋಕ್ಯಾಡ್ ಇದೆ. ಉಚಿತವಾಗಿ ಬೇಕಾದರೆ ಲಿಬ್ರೆಕ್ಯಾಡ್ ಇದೆ, ಅಲಂಕಾರದ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಇದೆ. ಕ್ಯಾಮ್‌ಗೆ ಶೀಟ್‌ಕ್ಯಾಮ್, ಫಾಸ್ಟ್‌ಕ್ಯಾಮ್ ಮುಂತಾದವು. ಇವು ಹಣ ಕೊಟ್ಟು ಕೊಳ್ಳುವಂಥವು. ಕಂಟ್ರೋಲ್‌ಗೆ ಕಂಪ್ಯೂಟರಿನಲ್ಲೇ ಓಡುವ ಮ್ಯಾಕ್3, ಉಚಿತವಾದ ಲಿನಕ್ಸ್‌ಸಿಎನ್‌ಸಿ ಇವೆ. ಅನೇಕ ಟೇಬಲ್‌ಗಳಿಗೆ ಇದರ ಬದಲು ಪೆನ್‌ಡ್ರೈವ್ ಚುಚ್ಚುವ ಪ್ರತ್ಯೇಕ ಕಂಟ್ರೋಲರ್ ಪೆಟ್ಟಿಗೆಯೇ ಬರುತ್ತದೆ. ಅಣ್ಣನ ಟೇಬಲ್ ಅಂಥದ್ದು. ಕೊಳ್ಳುವ ಮೊದಲು ನಿಮ್ಮ ಟೇಬಲ್‌ನ ಕಂಟ್ರೋಲರ್ ಯಾವುದು ಅಂತ ನೋಡಿಕೊಳ್ಳಿ. ಅದಕ್ಕೆ ಹೊಂದುವ ಜಿ-ಕೋಡನ್ನು ಕ್ಯಾಮ್ ಕೊಡಬೇಕು.

ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿದ್ದ ಕ್ಯಾಮ್ ಕಳ್ಳಪ್ರತಿಯಾಗಿತ್ತು. ಅದನ್ನು ಓಡಿಸಲು ಆ್ಯಂಟಿವೈರಸ್ ಬಂದ್ ಮಾಡಿಟ್ಟಿದ್ದರು. ಬ್ಯಾಂಕಿನ ಪಾಸ್‌ವರ್ಡ್ ಹಾಕುವುದೂ ಅದೇ ಕಂಪ್ಯೂಟರಿನಲ್ಲಿ. ವೈನಿಗೆ ಹೇಳಿದೆ. "ಲೆಕ್ಕದಾಗ ಒಂದು ರೂಪಾಯಿ ಹೆಚ್ಚುಕಡಿಮಿ ಆದ್ರ ನನಗ ನಿದ್ದಿ ಬರೂದಿಲ್ಲ. ಇದನ್ನ ಹ್ಯಾಂಗ ಇಟ್ಕೊಳ್ಳಿ?" ಅಂದರು. ತೆಗೆದು ಹಾಕಿದೆವು. ಪ್ರಯೋಗಕ್ಕೆ ಉಚಿತವಾಗಿ ಸಿಗುವ ಪ್ರತಿಯಲ್ಲಿ ಕಲಿತು, ಕೆಲಸಕ್ಕೆ ಸರಿಹೊಂದುತ್ತದೆ ಅಂತ ಖಾತ್ರಿಯಾದ ಮೇಲೆ ಲೈಸೆನ್ಸ್ ಕೊಂಡರು.

ಈಗ ಒಂದೊಂದಾಗಿ ನೋಡೋಣ. ಮೊದಲು ಚಿತ್ರ.

ಕ್ಯಾಡ್‌ನಿಂದ ಕ್ಯಾಮ್‌ಗೆ ಚಿತ್ರ ಹೋಗುವುದು ಹೆಚ್ಚಾಗಿ ಡಿಎಕ್ಸ್‌ಎಫ್ ಅನ್ನುವ ಕಡತದಲ್ಲಿ. 1982ರಲ್ಲಿ ಆಟೋಕ್ಯಾಡ್ ಜೊತೆ ಬಂದದ್ದು, ಇವತ್ತಿಗೂ ಎಲ್ಲ ಕಡೆ ನಡೆಯುವ ನಾಣ್ಯ. ಅದರ ಹಳೆಯ ಆವೃತ್ತಿಗಳಲ್ಲಿ ಒಂದು ತೊಡಕಿದೆ. ಗೆರೆಯ ಉದ್ದ 100 ಅಂತ ಇರುತ್ತದೆ, 100 ಏನು ಅನ್ನುವುದು ಇರುವುದಿಲ್ಲ. ಮಿಲಿಮೀಟರೋ ಇಂಚೋ ಅಂತ ತೆರೆಯುವಾಗ ನಾವೇ ಹೇಳಬೇಕು. ಎರಡನೇ ಭಾನುವಾರ ನಾನು ಗಮನಿಸದೆ ಇಂಚು ಅಂತ ಬಿಟ್ಟೆ. 100 ಮಿ.ಮೀ. ಚೌಕ 2540 ಮಿ.ಮೀ. ಆಗಿ ನಿಂತಿತು, 2500 ಮಿ.ಮೀ. ಉದ್ದದ ತಗಡಿಗಿಂತ ದೊಡ್ಡದು! ಅದು ದೊಡ್ಡದಾದ್ದರಿಂದ ಕಣ್ಣಿಗೆ ಬಿತ್ತು. ಚಿತ್ರ ತೆರೆದ ಕೂಡಲೇ ಗೊತ್ತಿರುವ ಒಂದು ಅಳತೆಯನ್ನು ಅಳೆದು ನೋಡಬೇಕು ಅನ್ನುವುದು ಅವತ್ತಿನಿಂದ ನಮ್ಮ ನಿಯಮ.

ಇನ್ನು ಮೂರು ದೋಷ ನೋಡಬೇಕು. ಒಂದು, ಗೆರೆಗಳ ತುದಿ ಸೇರದೆ ಕೂದಲೆಳೆಯ ಸಂದು ಉಳಿದಿರುವುದು. ಆಕಾರ ಮುಚ್ಚದಿದ್ದರೆ ಯಾವುದು ಒಳಗೆ, ಯಾವುದು ಹೊರಗೆ ಅಂತ ಕ್ಯಾಮ್‌ಗೆ ತಿಳಿಯುವುದಿಲ್ಲ. ಎರಡು, ಒಂದರ ಮೇಲೊಂದು ಎರಡು ಗೆರೆ ಇರುವುದು. ಪರದೆಯ ಮೇಲೆ ಒಂದೇ ಕಾಣುತ್ತದೆ, ಟಾರ್ಚು ಮಾತ್ರ ಎರಡು ಸಲ ಓಡುತ್ತದೆ. ಮೂರು, ವಕ್ರರೇಖೆ ಸಾವಿರಾರು ಚಿಕ್ಕ ತುಂಡುಗಳಾಗಿರುವುದು. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಗಣಪತಿಯ ಫೋಟೋ ಕಳಿಸಿ "ಗೇಟಿಗೆ ಇದೇ ಬೇಕು" ಅನ್ನುತ್ತಾರೆ. ಫೋಟೋದಲ್ಲಿ ಇರುವುದು ಬಣ್ಣದ ಚುಕ್ಕೆ, ಗೆರೆಯಲ್ಲ. ಇಂಕ್‌ಸ್ಕೇಪ್ ಅದನ್ನು ಗೆರೆಯಾಗಿ ಮಾಡಿಕೊಡುತ್ತದೆ, ಆದರೆ ಬೇಕಿಲ್ಲದಷ್ಟು ಬಿಂದುಗಳನ್ನು ಇಡುತ್ತದೆ. ಹಾಗೇ ಬಿಟ್ಟರೆ ಟಾರ್ಚು ನಡುಗುತ್ತಾ ಹೋಗುತ್ತದೆ, ಅಂಚು ಹಲ್ಲುಹಲ್ಲಾಗುತ್ತದೆ. ಬಿಂದುಗಳನ್ನು ಕಡಿಮೆ ಮಾಡಿ ಗೆರೆಯನ್ನು ನಯಗೊಳಿಸಿಕೊಳ್ಳಬೇಕು.

ಇನ್ನು ಎರಡನೆಯದು, ದಾರಿ. ವೈನಿ ನನಗಿಂತ ಮುಂದೆ ಹೋದದ್ದು ಇಲ್ಲೇ.

ಕತ್ತರಿಗೆ ದಪ್ಪ ಇಲ್ಲ, ಪ್ಲಾಸ್ಮಾಗೆ ಇದೆ. ಅದು ಹೋದ ಕಡೆ ಲೋಹ ಕರಗಿ ಒಂದು ಸೀಳು ಬೀಳುತ್ತದೆ. ಆ ಸೀಳಿನ ಅಗಲಕ್ಕೆ ಕರ್ಫ್ ಅನ್ನುತ್ತಾರೆ. ಟಾರ್ಚು ಚಿತ್ರದ ಗೆರೆಯ ಮೇಲೇ ನಡೆದರೆ ಸೀಳಿನ ಅರ್ಧ ನಮ್ಮ ತುಂಡನ್ನು ತಿನ್ನುತ್ತದೆ. ಆದ್ದರಿಂದ ಹೊರಗಿನ ಅಂಚಿಗೆ ಟಾರ್ಚು ಗೆರೆಯಿಂದ ಅರ್ಧ ಕರ್ಫಿನಷ್ಟು ಹೊರಗೆ, ತೂತಿಗೆ ಅಷ್ಟೇ ಒಳಗೆ ನಡೆಯಬೇಕು. "ಹೊಲಿಗಿಗೆ ಮಾರ್ಜಿನ್ ಬಿಟ್ಟಾಂಗ" ಅಂದರು ವೈನಿ. ಹೌದು, ಲೆಕ್ಕದ ಕಾರಣ ಬೇರೆ, ಬುದ್ಧಿ ಅದೇ.

ಕರ್ಫ್ ಎಷ್ಟು ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. 100 ಮಿ.ಮೀ. ಚೌಕವನ್ನು ಯಾವ ಮಾರ್ಜಿನ್ನೂ ಇಲ್ಲದೆ, ಗೆರೆಯ ಮೇಲೇ ಕತ್ತರಿಸಿ. ಕಿಟ್ಟ ಕೆರೆದು ವರ್ನಿಯರ್‌ನಲ್ಲಿ ಅಳೆಯಿರಿ. ನಮ್ಮದು 98.5 ಬಂತು. ಅಂದರೆ ಕರ್ಫ್ 1.5 ಮಿ.ಮೀ. ಆ ಸಂಖ್ಯೆಯನ್ನು ಕ್ಯಾಮ್‌ನಲ್ಲಿ ಹಾಕಿ ಮತ್ತೆ ಕತ್ತರಿಸಿದೆವು. ಈ ಸಲ 100 ಬಂತು. ಎಂ.ಟೆಕ್ ಪ್ರಾಜೆಕ್ಟ್ ಮುಗಿದ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ತಗಡಿನ ದಪ್ಪ, ಆ್ಯಂಪಿಯರ್, ನಾಜಲ್ ಬದಲಾದರೆ ಕರ್ಫೂ ಬದಲಾಗುತ್ತದೆ. ಪ್ರತಿಯೊಂದಕ್ಕೂ ಒಂದು ಚೌಕ ಕತ್ತರಿಸಿ ನೋಡಬೇಕು.

ಮುಂದಿನದು ಲೀಡ್-ಇನ್. ಪ್ಲಾಸ್ಮಾ ತಗಡನ್ನು ಮೊದಲು ಚುಚ್ಚುವ ಜಾಗದಲ್ಲಿ ಕರಗಿದ ಲೋಹ ಮೇಲೆ ಚಿಮ್ಮಿ ದೊಡ್ಡ, ಒರಟು ಗುಳಿ ಬೀಳುತ್ತದೆ. ಅದು ಬೇಡದ ಭಾಗದಲ್ಲಿ ಬೀಳಬೇಕು. ಅಲ್ಲಿ ಚುಚ್ಚಿ, ಸ್ವಲ್ಪ ದೂರ ಬಂದು ನಮ್ಮ ಗೆರೆ ಸೇರಬೇಕು. ಹೊರ ಅಂಚಿಗೆ ಚುಚ್ಚುವುದು ಹೊರಗೆ, ತೂತಿಗೆ ತೂತಿನ ಒಳಗೆ.

ಸರದಿಯೂ ಮುಖ್ಯ. ಮೊದಲು ಒಳಗಿನ ತೂತುಗಳು, ಕೊನೆಗೆ ಹೊರ ಅಂಚು. ಹೊರ ಅಂಚು ಮೊದಲು ಕತ್ತರಿಸಿದರೆ ತುಂಡು ಕಳಚಿ ಜರುಗುತ್ತದೆ, ಆಮೇಲೆ ತೂತು ಎಲ್ಲೋ ಬೀಳುತ್ತದೆ. ದಿಕ್ಕಿಗೂ ಕಾರಣ ಇದೆ. ಸಾಮಾನ್ಯ ಟಾರ್ಚಿನಲ್ಲಿ ಅನಿಲ ಸುತ್ತುತ್ತಾ ಇಳಿಯುವುದರಿಂದ, ಟಾರ್ಚು ಹೋಗುವ ದಿಕ್ಕಿನ ಬಲಬದಿಯ ಅಂಚು ನೇರವಾಗಿ ಬರುತ್ತದೆ, ಎಡಬದಿ ಓರೆಯಾಗುತ್ತದೆ. ನಮ್ಮ ತುಂಡು ಯಾವಾಗಲೂ ಬಲಕ್ಕಿರಬೇಕು. ಅದಕ್ಕೇ ಹೊರ ಅಂಚನ್ನು ಗಡಿಯಾರದ ದಿಕ್ಕಿನಲ್ಲೂ, ತೂತನ್ನು ಅದರ ವಿರುದ್ಧ ದಿಕ್ಕಿನಲ್ಲೂ ಕತ್ತರಿಸುತ್ತಾರೆ. ದೇವರ ಪ್ರದಕ್ಷಿಣೆಯಲ್ಲಿ ದೇವರು ನಮ್ಮ ಬಲಕ್ಕೆ ಇರುತ್ತಾನಲ್ಲ, ಹಾಗೆ ನೆನಪಿಟ್ಟುಕೊಳ್ಳಿ. ತೂತು ಇನ್ನೂ ಸೂಕ್ಷ್ಮ. ವೇಗ ಇಳಿಸಬೇಕು. ತಗಡಿನ ದಪ್ಪಕ್ಕಿಂತ ಚಿಕ್ಕ ತೂತನ್ನು ಪ್ಲಾಸ್ಮಾದಲ್ಲಿ ಮಾಡಲು ಹೋಗದೆ ಡ್ರಿಲ್‌ಗೆ ಬಿಡುವುದೇ ವಾಸಿ.

ಇನ್ನು ನೆಸ್ಟಿಂಗ್, ಅಂದರೆ ಒಂದು ತಗಡಿನಲ್ಲಿ ಹೆಚ್ಚು ತುಂಡು ಹೊಂದಿಸುವುದು. 2500 ಮಿ.ಮೀ. ಉದ್ದ, 1250 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಎಂ.ಎಸ್. ತಗಡಿನ ತೂಕ ಸುಮಾರು 147 ಕಿಲೋ. ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕಿಲೋ ಅಂತ ಲೆಕ್ಕ. ಹೊಂದಿಸುವಾಗ ನೂರಕ್ಕೆ ಹತ್ತು ಭಾಗ ಉಳಿಸಿದರೂ ಪ್ರತಿ ತಗಡಿಗೆ ಹದಿನಾಲ್ಕು ಕಿಲೋಗಿಂತ ಹೆಚ್ಚು ಉಳಿಯಿತು. ಸಾಫ್ಟ್‌ವೇರ್ ತಾನೇ ಹೊಂದಿಸಿಕೊಟ್ಟದ್ದನ್ನು ನಾನು ಒಪ್ಪಿಕೊಂಡಿದ್ದೆ. ವೈನಿ ಪರದೆ ನೋಡಿ, ಎರಡು ಬ್ರ್ಯಾಕೆಟ್ಟು ಬೆನ್ನಿಗೆ ಬೆನ್ನು ತಿರುಗಿಸಿ, ನಡುವಿನ ಸಂದಿನಲ್ಲಿ ಮೂರು ವಾಷರ್ ಕೂಡಿಸಿದರು. ಒಂದು ಮೀಟರ್ ಬ್ಲೌಸ್‌ಪೀಸಿನಲ್ಲಿ ತೋಳಿಗೂ ಪಟ್ಟಿಗೂ ಬಟ್ಟೆ ಹೊಂದಿಸಿದವರಿಗೆ ಇದು ಹೊಸದಲ್ಲ.

ಕ್ಯಾಮ್‌ನ ಕೊನೆಯ ಹೆಜ್ಜೆ ಪೋಸ್ಟ್ ಪ್ರೊಸೆಸರ್. ಜಿ-ಕೋಡ್ ಅನ್ನುವುದು ಸರಳ ಭಾಷೆ. ಜಿ21 ಅಂದರೆ ಅಳತೆ ಮಿಲಿಮೀಟರಿನಲ್ಲಿ. ಜಿ00 ಅಂದರೆ ಕತ್ತರಿಸದೆ ಬೇಗ ಹೋಗು. ಜಿ01 ಅಂದರೆ ಹೇಳಿದ ವೇಗದಲ್ಲಿ ನೇರ ಹೋಗು. ಜಿ02, ಜಿ03 ಅಂದರೆ ಕಮಾನಿನಲ್ಲಿ ಹೋಗು, ಒಂದು ಗಡಿಯಾರದ ದಿಕ್ಕಿಗೆ, ಇನ್ನೊಂದು ವಿರುದ್ಧಕ್ಕೆ. ಇಷ್ಟು ಗೊತ್ತಿದ್ದರೆ ಕಡತ ತೆರೆದು ಓದಬಹುದು. ಆದರೆ ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಂತೆ ಕಂಟ್ರೋಲರ್‌ಗಳ ನಡುವೆಯೂ ಮಾತಿನ ವ್ಯತ್ಯಾಸ ಇದೆ. ಟಾರ್ಚು ಹೊತ್ತಿಸಲು ಒಂದರಲ್ಲಿ ಎಂ03 ಅಂದರೆ ಇನ್ನೊಂದರಲ್ಲಿ ಎಂ07. ನಾಲ್ಕನೇ ಭಾನುವಾರ ನಾನು ಬೇರೆ ಕಂಟ್ರೋಲರಿನ ಪೋಸ್ಟ್ ಆರಿಸಿದ್ದೆ. ಟಾರ್ಚು ತಗಡಿನ ಮೇಲೆ ಅಚ್ಚುಕಟ್ಟಾಗಿ ಇಡೀ ಚಿತ್ರ ಸುತ್ತಿ ಬಂತು, ಕಿಡಿ ಮಾತ್ರ ಹೊತ್ತಲೇ ಇಲ್ಲ. ನಾನು ಕೇಬಲ್, ಅರ್ಥಿಂಗ್ ಅಂತ ಒಂದು ಗಂಟೆ ಹುಡುಕಿದೆ. ವೈನಿ ಹಳೇ ಆಪರೇಟರ್ ಕಂಟ್ರೋಲರಿನಲ್ಲೇ ಬಿಟ್ಟುಹೋಗಿದ್ದ ಒಂದು ಕಡತ ತೆರೆದು, ನಮ್ಮದರ ಪಕ್ಕ ಇಟ್ಟು, ಪಾಸ್‌ಬುಕ್ಕಿಗೂ ಲೆಕ್ಕದ ಪುಸ್ತಕಕ್ಕೂ ತಾಳೆ ನೋಡುವಂತೆ ಸಾಲು ಸಾಲು ಬೆರಳಿಟ್ಟು ನೋಡಿದರು. "ಅಲ್ಲಿ ಏಳು ಐತಿ, ಇಲ್ಲಿ ಮೂರು ಐತಿ." ಅಷ್ಟೇ ಇತ್ತು ಕತೆ.

ಮೂರನೆಯದು ಕಂಟ್ರೋಲ್, ಕತ್ತರಿ ಹಿಡಿಯುವ ಕೈ. ಇಲ್ಲಿ ನೋಡಬೇಕಾದ್ದು ಮುಖ್ಯವಾಗಿ ನಾಲ್ಕು: ಎಷ್ಟು ಆ್ಯಂಪಿಯರ್, ಎಷ್ಟು ವೇಗ, ಟಾರ್ಚು ಎಷ್ಟು ಎತ್ತರದಲ್ಲಿ, ಚುಚ್ಚಿದ ಮೇಲೆ ಎಷ್ಟು ಹೊತ್ತು ನಿಂತು ಹೊರಡಬೇಕು. ಇವನ್ನು ಊಹಿಸಬೇಡಿ. ಪ್ಲಾಸ್ಮಾ ಪವರ್ ಸೋರ್ಸ್‌ನ ಕೈಪಿಡಿಯಲ್ಲಿ ಕಟ್ ಚಾರ್ಟ್ ಅಂತ ಕೋಷ್ಟಕ ಇರುತ್ತದೆ, ದಪ್ಪಕ್ಕೆ ತಕ್ಕಂತೆ ಎಲ್ಲ ಬರೆದಿರುತ್ತದೆ. ಚಿಕ್ಕ ಯಂತ್ರಗಳಲ್ಲಿ ಕತ್ತರಿಸುವ ಎತ್ತರ ಸುಮಾರು 1.5 ಮಿ.ಮೀ., ಚುಚ್ಚುವ ಎತ್ತರ ಅದರ ಎರಡು-ಎರಡೂವರೆ ಪಟ್ಟು. ಚುಚ್ಚುವಾಗ ಮೇಲೆ ಇರಬೇಕು, ಇಲ್ಲದಿದ್ದರೆ ಚಿಮ್ಮಿದ ಲೋಹ ನಾಜಲ್‌ಗೇ ಅಂಟುತ್ತದೆ.

ಬಿಸಿಗೆ ತಗಡು ಉಬ್ಬುತ್ತದೆ. ಆಗ ಎತ್ತರ ಕಾಯುವುದು ಟಿಎಚ್‌ಸಿ, ಅಂದರೆ ಟಾರ್ಚ್ ಹೈಟ್ ಕಂಟ್ರೋಲ್. ಟಾರ್ಚು ದೂರವಾದರೆ ಆರ್ಕಿನ ವೋಲ್ಟೇಜ್ ಏರುತ್ತದೆ, ಹತ್ತಿರವಾದರೆ ಇಳಿಯುತ್ತದೆ. ಅದನ್ನು ನೋಡಿ ಇದು ಟಾರ್ಚನ್ನು ಇಳಿಸಿ ಏರಿಸುತ್ತದೆ. ಮೂಲೆಯಲ್ಲಿ ಟಾರ್ಚಿನ ವೇಗ ಇಳಿದಾಗ ಸೀಳು ಅಗಲವಾಗಿ ವೋಲ್ಟೇಜ್ ಏರುತ್ತದೆ. ಟಿಎಚ್‌ಸಿ ಅದನ್ನು ತಪ್ಪಾಗಿ ತಿಳಿದು ಟಾರ್ಚನ್ನು ತಗಡಿಗೆ ತಾಗಿಸಬಹುದು. ಹಾಗಾಗಿ ಮೂಲೆಗಳಲ್ಲಿ, ಚಿಕ್ಕ ತೂತುಗಳಲ್ಲಿ ಅದನ್ನು ಸುಮ್ಮನಿರಿಸಬೇಕು.

ವೇಗ ಸರಿ ಇದೆಯೇ ಅಂತ ಕೆಳಗೆ ಅಂಟುವ ಕಿಟ್ಟವೇ ಹೇಳುತ್ತದೆ. ದಪ್ಪಗೆ ಗುಳ್ಳೆಗುಳ್ಳೆಯಾಗಿ ಅಂಟಿ, ತಟ್ಟಿದರೆ ಬಿದ್ದರೆ ವೇಗ ಕಡಿಮೆಯಾಗಿದೆ. ತೆಳ್ಳಗೆ ಗಟ್ಟಿಯಾಗಿ ಅಂಟಿ, ಗ್ರೈಂಡರ್ ಹಿಡಿದರೇ ಹೋಗುವಂತಿದ್ದರೆ ವೇಗ ಹೆಚ್ಚಾಗಿದೆ. ದೋಸೆ ಹೆಂಚಿನ ಬಿಸಿಯನ್ನು ದೋಸೆ ನೋಡಿ ತಿಳಿಯುವ ಹಾಗೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ವೇಗವನ್ನೂ ಎತ್ತರವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಎಂದೂ ತಿಳಿಯುವುದಿಲ್ಲ. ಎಲ್ಲ ಸಂಖ್ಯೆ ಸರಿಯಿದ್ದೂ ಅಂಚು ಕೆಟ್ಟರೆ ನಾಜಲ್, ಎಲೆಕ್ಟ್ರೋಡ್ ಸವೆದಿವೆಯೇ, ಕಂಪ್ರೆಸರ್ ಗಾಳಿಯಲ್ಲಿ ನೀರಿದೆಯೇ ನೋಡಿ. ನಮ್ಮ ಮಳೆಗಾಲದಲ್ಲಿ ಇದು ಮಾಮೂಲು. ಸವೆದ ನಾಜಲ್ಲನ್ನು ಯಾವ ಸಾಫ್ಟ್‌ವೇರೂ ಸರಿಮಾಡದು.

ಸುರಕ್ಷತೆಯ ಮಾತು ಬಿಡುವಂತಿಲ್ಲ. ಈ ಬೆಳಕನ್ನು ಬರಿಗಣ್ಣಲ್ಲಿ ನೋಡಬಾರದು, ಕೈಪಿಡಿ ಹೇಳಿದ ಸಂಖ್ಯೆಯ ಕಪ್ಪು ಗಾಜು ಬೇಕು. ದುಪಟ್ಟಾ, ಸೆರಗು, ಸಿಂಥೆಟಿಕ್ ಬಟ್ಟೆ ಬೇಡ. ದಪ್ಪ ಹತ್ತಿಬಟ್ಟೆ, ಚರ್ಮದ ಕೈಗವಸು, ಮುಚ್ಚಿದ ಶೂ ಇರಲಿ. ಗ್ಯಾಲ್ವನೈಸ್ಡ್ ತಗಡಿನ ಸತುವಿನ ಹೊಗೆ, ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ಹೊಗೆ ಎರಡೂ ಕೆಟ್ಟವು, ಹೊಗೆ ಎಳೆಯುವ ವ್ಯವಸ್ಥೆ ಇರಲೇಬೇಕು. ಟೇಬಲ್ ಕೆಳಗೆ ನೀರಿನ ತೊಟ್ಟಿ ಇದ್ದರೆ ಅಲ್ಯೂಮಿನಿಯಂ ಕತ್ತರಿಸುವ ಮುಂಚೆ ತಿಳಿದವರನ್ನು ಕೇಳಿ, ಅಲ್ಲಿ ಹೈಡ್ರೋಜನ್ ಕೂಡಿಕೊಂಡು ಸ್ಫೋಟದ ಅಪಾಯ ಇದೆ. ಎಮರ್ಜೆನ್ಸಿ ಬಟನ್ ಎಲ್ಲಿದೆ ಅಂತ ಮೊದಲ ದಿನವೇ ಒತ್ತಿ ನೋಡಿ. ಹೊಸ ಕಡತವನ್ನು ಮೊದಲು ಟಾರ್ಚು ಹೊತ್ತಿಸದೆ ಒಂದು ಸುತ್ತು ಓಡಿಸಿ. ಯಂತ್ರ ಓಡುವಾಗ ಬಿಟ್ಟು ಹೋಗಬೇಡಿ.

ಕೊನೆಗೆ ವೈನಿಯ ಮೊದಲ ಸ್ವಂತ ಆರ್ಡರಿನ ಕತೆ. ನಮ್ಮ ಕಡೆಯ ಒಬ್ಬರ ಮನೆಗೆ ಕನ್ನಡದ ನಾಮಫಲಕ: "ಅನುಬಂಧ". ಅಕ್ಷರಗಳನ್ನು ತಗಡಿನಲ್ಲಿ ಕೊರೆದು ಹಿಂದೆ ದೀಪ ಇಡುವುದು. ಕೆಲವು ಕ್ಯಾಡ್‌ಗಳಲ್ಲಿ ಕನ್ನಡದ ಒತ್ತು, ಗುಣಿತ ಚದುರಿಹೋಗುತ್ತವೆ. ಅದಕ್ಕೆ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಅಕ್ಷರವನ್ನು ಗೆರೆಯಾಗಿ ಬದಲಾಯಿಸಿ ಡಿಎಕ್ಸ್‌ಎಫ್ ಮಾಡಿದೆವು. ಕರ್ಫ್ ಸರಿ, ಸರದಿ ಸರಿ, ವೇಗ ಸರಿ. ಕತ್ತರಿಸಿ ತಗಡು ಎತ್ತಿದರೆ ಸೊನ್ನೆಯ ನಡುವಿನ ಬಿಲ್ಲೆ ಕೆಳಗೆ ಬಿದ್ದಿತ್ತು, 'ಅ'ಕಾರದ ಹೊಟ್ಟೆಯೂ ಬಿದ್ದಿತ್ತು. ಸುತ್ತಲೂ ಕತ್ತರಿಸಿದ ಮೇಲೆ ನಡುವಿನದು ಯಾವುದಕ್ಕೆ ಅಂಟಿಕೊಂಡು ನಿಲ್ಲಬೇಕು? ನಮಗಿಬ್ಬರಿಗೂ ಹೊಳೆದಿರಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಮುಚ್ಚಿದ ಹೊಟ್ಟೆ ಕೆಲವಕ್ಕೇ. ನಮ್ಮ ಗುಂಡು ಅಕ್ಷರಗಳಲ್ಲಿ ಅ, ಠ, ರ, ಸೊನ್ನೆ ಅಂತ ಎಷ್ಟೋ.

ಉಪಾಯ ಅಂದರೆ ಸೇತುವೆ. ಒಳಗಿನ ತುಂಡನ್ನು ಹೊರಗಿನ ತಗಡಿಗೆ ಹಿಡಿದಿಡುವ ಎರಡು ಸಣ್ಣ ಪಟ್ಟಿಯನ್ನು ಚಿತ್ರದಲ್ಲೇ ಬಿಡಬೇಕು. ತಪ್ಪು ಯಾರ ಕೈಯಲ್ಲಿ? ಅಳತೆಯವಳ ಕೈಯಲ್ಲಿ. ಹಾಗಾಗಿ ವೈನಿ ಕಂಟ್ರೋಲ್ ಮುಟ್ಟಲಿಲ್ಲ, ಕ್ಯಾಮ್ ಮುಟ್ಟಲಿಲ್ಲ. ನೇರ ಚಿತ್ರಕ್ಕೆ ಹೋಗಿ, ಸೊನ್ನೆಗೆ ಮೇಲೊಂದು ಕೆಳಗೊಂದು ಸೇತುವೆ ಇಟ್ಟು ಮತ್ತೆ ಕತ್ತರಿಸಿದರು. ಮೊದಲ ತಗಡು ನಷ್ಟವೇ ಆಯಿತು. ಅದನ್ನು ಅವರು ಬಿಸಾಡಿಲ್ಲ. ಗೋಡೆಗೆ ತೂಗುಹಾಕಿದ್ದಾರೆ.

ಅದರ ಪಕ್ಕದಲ್ಲೇ ಒಂದು 200 ಪುಟದ ನೋಟ್‌ಬುಕ್ ಇದೆ. ಕನ್ನಡದಲ್ಲೇ ಬರೆಯುತ್ತಾರೆ: ತಾರೀಕು, ತಗಡಿನ ದಪ್ಪ, ಆ್ಯಂಪಿಯರ್, ನಾಜಲ್, ವೇಗ, ಕರ್ಫ್, ಕಿಟ್ಟ ಹೇಗೆ ಬಂತು, ಏನು ತಪ್ಪಾಯಿತು. ಪ್ರತಿ ದಪ್ಪದ ಪರೀಕ್ಷೆಯ ಚೌಕಗಳ ಮೇಲೆ ಸಂಖ್ಯೆ ಬರೆದು ತಂತಿಯಲ್ಲಿ ಪೋಣಿಸಿಟ್ಟಿದ್ದಾರೆ. ಕಡತಗಳ ಪ್ರತಿ ಕಂಪ್ಯೂಟರಿನಲ್ಲಿ ಒಂದು, ಮನೆಯ ಹಾರ್ಡ್‌ಡಿಸ್ಕಿನಲ್ಲಿ ಒಂದು.

ಈಗ ಟೇಬಲ್ ಓಡುತ್ತಿದೆ. ಒಬ್ಬ ಹೊಸ ಹುಡುಗ ಸೇರಿದ್ದಾನೆ, ತಗಡು ಎತ್ತುವುದು, ಟಾರ್ಚು ನೋಡುವುದು ಅವನ ಕೆಲಸ. ಚಿತ್ರ ಮತ್ತು ಕ್ಯಾಮ್ ವೈನಿಯದು. ಬಿಡುವಾದಾಗ ಅವನಿಗೂ ಕಲಿಸುತ್ತಾರೆ. "ಅವನೂ ಕಲಿತು ಬಿಟ್ಟು ಹೋದ್ರ?" ಅಂತ ಅಣ್ಣ ಕೇಳಿದ. "ಹೋಗಲಿ ಬಿಡ್ರಿ. ಪುಸ್ತಕ ಇಲ್ಲೇ ಇರತದ" ಅಂದರು ವೈನಿ.

ಗೆಳತಿಯರೇ, ನಿಮ್ಮ ಮನೆಯಲ್ಲಿ ಪ್ಲಾಸ್ಮಾ ಇಲ್ಲದಿರಬಹುದು, ಲೇಸರ್ ಇರಬಹುದು, ಕಸೂತಿ ಹಾಕುವ ಕಂಪ್ಯೂಟರ್ ಯಂತ್ರ ಇರಬಹುದು. ಚಿತ್ರ, ದಾರಿ, ಯಂತ್ರದ ಕೈ ಅನ್ನುವ ಮೂರು ಎಲ್ಲದರಲ್ಲೂ ಇವೆ. ಶುರುಮಾಡಲು ಯಂತ್ರವೂ ಬೇಡ. ಈ ವಾರ ಲಿಬ್ರೆಕ್ಯಾಡ್ ಹಾಕಿಕೊಂಡು 100 ಮಿ.ಮೀ. ಚೌಕ ಒಂದು, ಅದರ ನಡುವೆ 20 ಮಿ.ಮೀ. ತೂತು ಒಂದು ಬರೆಯಿರಿ. ಮುಂದಿನ ವಾರ ಒಂದು ಕ್ಯಾಮ್‌ನ ಪ್ರಯೋಗದ ಪ್ರತಿಯಲ್ಲಿ ಅದನ್ನು ತೆರೆದು, ಟಾರ್ಚು ಮೊದಲು ಎಲ್ಲಿಗೆ ಹೋಗುತ್ತದೆ ಪರದೆಯ ಮೇಲೆ ನೋಡಿ. ಅದು ತೂತಿಗೆ ಹೋದರೆ ನೀವು ಸರಿ ದಾರಿಯಲ್ಲಿದ್ದೀರಿ.

ಸಂಶಯ ಬಂದರೆ ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಲ್ಯಾಪ್‌ಟಾಪ್ ತನ್ನಿ. ನಾನು ಇರುತ್ತೇನೆ. ವೈನಿಯನ್ನೂ ಕರೆತರುತ್ತೇನೆ, ಅವರು ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ.